ಲೈಸೆನ್ಸ್ ಬೇಡದ ಕೆಲಸ

ಮಂಗಳೂರಿನ ಹಂಪನಕಟ್ಟೆಯ ಹೋಟೆಲಲ್ಲಿ ಗೋಳಿಬಜೆ ಚಟ್ನಿಗೆ ಅದ್ದುತ್ತಾ ಗೆಳೆಯ ಹೇಳಿದ, "ಆ ಹೀರೋ ಎಲೆಕ್ಷನ್‌ಗೆ ನಿಂತರೆ ನನ್ನ ಓಟು ಅವನಿಗೇ." ಯಾಕೆ ಮಾರಾಯ? "ಡೈಲಾಗ್ ಸೂಪರ್ ಉಂಟಲ್ಲ!" ನನಗೆ ಚಾ ನೆತ್ತಿಗೆ ಹತ್ತಿತು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ಬಸ್ಸು ಬಿಡುವವನಿಗೆ ಲೈಸೆನ್ಸ್ ಬೇಕು, ಟಿಕೆಟ್ ಹರಿಯುವ ಕಂಡಕ್ಟರನಿಗೂ ಬೇಕು. ಲೋಕಸಭೆಗೆ? 25 ವರ್ಷ ತುಂಬಿದ್ದು, ಸಾಮಾನ್ಯ ಅಭ್ಯರ್ಥಿಯಾದರೆ 25,000 ರೂಪಾಯಿ ಠೇವಣಿ ಇಟ್ಟರೆ ನಡೆಯುತ್ತದೆ; ಪಂಚಾಯತ್ ಮೀಟಿಂಗಲ್ಲಿ ಒಮ್ಮೆ ಕೂತ ಅನುಭವವೂ ಬೇಡ. ಅಮಿತಾಭ್ ಬಚ್ಚನ್ 1984ರಲ್ಲಿ ಅಲಹಾಬಾದಲ್ಲಿ ಭರ್ಜರಿಯಾಗಿ ಗೆದ್ದು, 1987ರಲ್ಲಿ ರಾಜೀನಾಮೆ ಕೊಟ್ಟು ಹೊರಟರು. ಅಮೆರಿಕದಲ್ಲಂತೂ 2016ರಲ್ಲಿ ಟಿವಿ ಶೋ ನಡೆಸುತ್ತಿದ್ದ ಟ್ರಂಪ್ ಸೀದಾ ಅಧ್ಯಕ್ಷಗಿರಿಯನ್ನೇ ಗೆದ್ದರು. ಇದೇ ಗೆಳೆಯ ಮೊನ್ನೆ ನಲ್ಲಿ ರಿಪೇರಿಗೆ ಪ್ಲಂಬರ್ ಕರೆಸುವ ಮೊದಲು ಮೂರು ಮನೆಯಲ್ಲಿ ವಿಚಾರಿಸಿದ್ದ. ಗೋಳಿಬಜೆ ಬಿಲ್ಲು ಮಾತ್ರ ನನ್ನ ತಲೆಗೆ!