ಕನ್ನಡ ಬಾವುಟಕ್ಕೆ ಸರ್ಕಾರದ ಮುದ್ರೆ ಬೇಕೇ?

ಪರ: ನಾಡಗೀತೆ ಇದೆ, ನಾಡಧ್ವಜ ಯಾಕಿಲ್ಲ?

ನಮಗೆ ನಾಡಗೀತೆ ಇದೆ. ಗಂಡಭೇರುಂಡದ ಲಾಂಛನ ಇದೆ. ರಾಜ್ಯದ ಪಕ್ಷಿ, ಪ್ರಾಣಿ, ಮರ ಯಾವುದೆಂದು ಸರ್ಕಾರವೇ ಹೇಳಿದೆ. ಬಾವುಟಕ್ಕೆ ಮಾತ್ರ ಆ ಮಾನ್ಯತೆ ಇಲ್ಲ. ಇದು ಕೊರತೆಯೇ.

ರಾಜ್ಯಕ್ಕೆ ಸ್ವಂತ ಬಾವುಟ ಇರಬಾರದು ಎಂದು ಸಂವಿಧಾನ ಎಲ್ಲೂ ಹೇಳಿಲ್ಲ. 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಈ ಮಾತು ಬಂದಿದೆ. ರಾಷ್ಟ್ರಧ್ವಜ ಮೇಲೆ, ನಾಡಧ್ವಜ ಅದಕ್ಕಿಂತ ಕೆಳಗೆ. ಇದರಲ್ಲಿ ಯಾರ ತಕರಾರೂ ಇಲ್ಲ.

2017ರಲ್ಲಿ ನಾಡಧ್ವಜಕ್ಕಾಗಿ ಸರ್ಕಾರದ 9 ಜನರ ಸಮಿತಿ ಆಯಿತು. 2018ರ ಮಾರ್ಚ್ 8ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ಬಾವುಟ ತೋರಿಸಿದರು. ಹಳದಿ, ಬಿಳಿ, ಕೆಂಪು ಪಟ್ಟಿಗಳು, ನಡುವೆ ರಾಜ್ಯದ ಲಾಂಛನ. ಅದಕ್ಕೆ ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ಬಿಳಿ ಪಟ್ಟಿ ಸೇರಿಸಿದ್ದಕ್ಕೆ ನನಗೂ ಪೂರ್ತಿ ಮನಸ್ಸಿಲ್ಲ. ಆದರೂ ಮಾನ್ಯತೆ ಸಿಗುವುದಾದರೆ ಒಪ್ಪಬಹುದು ಅನಿಸುತ್ತದೆ. ಮಾನ್ಯತೆಯೇ ಬೇಡ ಎನ್ನುವುದು ಮಗುವಿಗೆ ಹೆಸರೇ ಇಡಬೇಡಿ ಎಂದ ಹಾಗೆ.

ವಿರೋಧ: ಎರಡು ತುಂಡು ಬಟ್ಟೆ, ಒಂದು ಹೊಲಿಗೆ

ನಮ್ಮಪ್ಪ ಟೈಲರ್. ಅಕ್ಟೋಬರ್ ಕೊನೆಯ ವಾರ ಬಂದರೆ ಅಂಗಡಿಯಲ್ಲಿ ಪ್ಯಾಂಟು, ಶರ್ಟು ಎಲ್ಲ ಪಕ್ಕಕ್ಕೆ. ಒಂದು ಹಳದಿ ಥಾನು, ಒಂದು ಕೆಂಪು ಥಾನು. ಅಪ್ಪ ಕತ್ತರಿಸುತ್ತಿದ್ದರು, ಅಮ್ಮ ಮಿಷನ್ ತುಳಿಯುತ್ತಿದ್ದರು. ದಾರ ಪೋಣಿಸುವ ಕೆಲಸ ನನ್ನದು. ಮೇಲೆ ಅರಿಶಿನ, ಕೆಳಗೆ ಕುಂಕುಮ ಎಂದು ಅಮ್ಮ ಹೇಳಿಕೊಟ್ಟರು. ಅಷ್ಟೇ ನನ್ನ ಪಾಠ.

ಒಂದು ವರ್ಷ ಅಕ್ಟೋಬರ್ 31ರ ರಾತ್ರಿ ಹಳದಿ ಬಟ್ಟೆ ಮುಗಿದುಹೋಯಿತು. ಆಟೋ ಸ್ಟ್ಯಾಂಡಿನ ಹುಡುಗರು ಬಾಗಿಲಲ್ಲೇ ನಿಂತಿದ್ದರು. ಅಪ್ಪ ಹುಡುಕಿ ಹುಡುಕಿ ಒಂದು ಲೈನಿಂಗ್ ಬಟ್ಟೆ ತೆಗೆದರು. ಅದು ನಿಂಬೆಹಣ್ಣಿನ ಬಣ್ಣ. ಅದರಲ್ಲೇ ಹೊಲಿದುಕೊಟ್ಟರು. ಯಾರೂ ಬಣ್ಣ ಸರಿಯಿಲ್ಲ ಅನ್ನಲಿಲ್ಲ. ಯುಗಾದಿಯವರೆಗೂ ಅದು ಸ್ಟ್ಯಾಂಡಿನಲ್ಲಿ ಹಾರಿತು.

ಸರ್ಕಾರದ ಬಾವುಟವಾದರೆ ಇದು ಆಗುತ್ತಾ? ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ನೂಲಿಗೆ, ಬಣ್ಣಕ್ಕೆ, ಅಳತೆಗೆ, ಹೊಲಿಗೆಗೆ ಎಲ್ಲಕ್ಕೂ ನಿಯಮ ಇದೆ. ದೇಶದ ಬಾವುಟಕ್ಕೆ ಅದು ಸರಿ, ಹಾಗೇ ಇರಬೇಕು. ಆದರೆ ಕನ್ನಡ ಬಾವುಟ ಬೆಳೆದದ್ದು ಬೇರೆ ದಾರಿಯಲ್ಲಿ. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಇದನ್ನು ರೂಪಿಸಿದರು. ಅವರು 1967ರಲ್ಲಿ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೇ 1973ರಲ್ಲಿ. ಅಂದರೆ ಬಾವುಟ ಆ ಹೆಸರಿಗಿಂತ ಹಳೆಯದು! ಯಾವ ಆದೇಶವೂ ಇಲ್ಲದೆ ಜನ ಇದನ್ನು ಆಟೋ ಮೇಲೆ, ಬಸ್‌ಸ್ಟಾಂಡಿನಲ್ಲಿ, ಮನೆ ಮಹಡಿಯಲ್ಲಿ ಹಾರಿಸಿದರು. ಮಗುವಿಗೆ ಹೆಸರಿಟ್ಟು ಎಷ್ಟೋ ವರ್ಷ ಆಯ್ತು.

ಸಂವಿಧಾನ ಬೇಡ ಅಂದಿಲ್ಲ ಎನ್ನುತ್ತಾರೆ. ಬೇಡ ಅನ್ನದಿದ್ದರೆ ಬೇಕು ಅಂತ ಅರ್ಥವಾ?

ನನಗೆ ಜಾಸ್ತಿ ನೋವು ಕೊಡುವುದು ಆ 2018ರ ವಿನ್ಯಾಸ. ಎರಡು ಬಣ್ಣವನ್ನು ಒಂದನೇ ಕ್ಲಾಸಿನ ಮಗುವೂ ಬಿಡಿಸುತ್ತದೆ. ಯಾವ ಊರಿನ ಟೈಲರ್ ಬೇಕಾದರೂ ಹೊಲಿಯುತ್ತಾನೆ. ನಡುವೆ ಲಾಂಛನ ಬಂದರೆ ಬಾವುಟವನ್ನು ಪ್ರಿಂಟ್ ಮಾಡಿಸಲೇಬೇಕು. ಸಣ್ಣ ಅಂಗಡಿಯಿಂದ ಅದು ಹೊರಟೇ ಹೋಗುತ್ತದೆ.

ಆಗ ಅದರ ಫೋಟೊವನ್ನು ಅಪ್ಪನಿಗೆ ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. “ಚೆನ್ನಾಗಿದೆ” ಎಂದರು. ಆಮೇಲೆ ಮೆಲ್ಲಗೆ ಕೇಳಿದರು: “ಈ ಹಕ್ಕೀನ ಹೊಲಿಯೋದು ಹೇಗೆ ಮಗಾ?”