ಆಗ್ನೇಯ ಮೂಲೆಯ ಟಿವಿ

ವಾಸ್ತು ಕೇಳಿದರೆ ಆಗ್ನೇಯ ಒಲೆಯ ಜಾಗ. ಕಾರವಾರ, ಶಿರಸಿ ಕಡೆ ಬಾಡಿಗೆಯಿಲ್ಲದ ಟಿವಿ ಬರುವುದೂ ಅದೇ ಮೂಲೆಯಿಂದ. ದೂರದರ್ಶನದ ಪುಕ್ಕಟೆ ಡಿಶ್ ಸೇವೆಯಾದ ಫ್ರೀ ಡಿಶ್ ಹೊತ್ತ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೆತ್ತಿಯಲ್ಲಿ, ಸಮಭಾಜಕದ ಮೇಲೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಅದರ ದಿಕ್ಕು ಕಾರವಾರಕ್ಕೆ 126 ಡಿಗ್ರಿ, ಶಿರಸಿಗೆ 127. ನೆಲದಿಂದ ಎತ್ತರ ಎರಡೂ ಕಡೆ ಸುಮಾರು 62 ಡಿಗ್ರಿ.

ಅಷ್ಟು ಎತ್ತರದಲ್ಲಿರುವುದರಿಂದ ಘಟ್ಟ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮನೆ ಪಕ್ಕದ ತೆಂಗು, ಅಡಿಕೆ. ಡಿಶ್‌ಗಿಂತ 40 ಅಡಿ ಮೇಲೆ ಹೋದ ಮರ ಆ ದಿಕ್ಕಿನಲ್ಲಿದ್ದರೆ, ಅದರ ಗರಿ ಕನಿಷ್ಠ 22 ಅಡಿ ಆಚೆಗಿರಬೇಕು. ಲೆಕ್ಕ ಬೇಡ ಅನ್ನುವವರಿಗೆ ಸೂರ್ಯನೇ ಸಾಕ್ಷಿ: ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ 11 ಗಂಟೆ 10 ನಿಮಿಷದ ಹೊತ್ತಿಗೆ ಅವನು ಹೆಚ್ಚುಕಡಿಮೆ ಉಪಗ್ರಹದ ಬೆನ್ನಿಗೇ ಬಂದು ನಿಲ್ಲುತ್ತಾನೆ. ಆಗ ಬಿಸಿಲು ಬಿದ್ದ ಜಾಗದಲ್ಲಿ ಟಿವಿಯೂ ಬರುತ್ತದೆ.

ದುಡ್ಡಿನ ಮಾತು ಚಿಕ್ಕದು. ಕೇಬಲ್‌ಗೆ, ಖಾಸಗಿ ಡಿಶ್‌ಗೆ 2020ರ ನಿಯಮದಲ್ಲಿ 200 ಚಾನೆಲ್‌ವರೆಗಿನ ಸಂಪರ್ಕ ಶುಲ್ಕಕ್ಕೆ ತಿಂಗಳಿಗೆ 130 ರೂಪಾಯಿ ಮಿತಿ ಇತ್ತು, ತೆರಿಗೆ ಸೇರಿ 153.40. 2024ರಲ್ಲಿ ಆ ಮಿತಿಯನ್ನೂ ತೆಗೆದರು. ಹಳೇ ಲೆಕ್ಕದಲ್ಲೇ ವರ್ಷಕ್ಕೆ ಸುಮಾರು 1,840 ರೂಪಾಯಿ; ಹಣ ಕೊಟ್ಟು ನೋಡುವ ಚಾನೆಲ್‌ಗಳದ್ದು ಬೇರೆ. ಫ್ರೀ ಡಿಶ್‌ನ ಪೂರಾ ಸಾಮಾನು ಸುಮಾರು ಅಷ್ಟರಲ್ಲೇ ಬರುತ್ತದೆ, ಅದೂ ಒಂದೇ ಸಲ. ರೀಚಾರ್ಜ್ ನಿಲ್ಲಿಸಿದ ಹಳೇ ಡಿಶ್ ಮಾಡಿನ ಮೇಲೆ ಸ್ವಂತದ್ದಾಗಿ ಬಿದ್ದಿದ್ದರೆ ಇನ್ನೂ ಅಗ್ಗ: ಟಿವಿಗೆ ಜೋಡಿಸುವ ಹೊಸ ಬಗೆಯ (ಎಂಪೆಗ್-4) ಸೆಟ್‌ಟಾಪ್ ಬಾಕ್ಸ್ ಒಂದನ್ನು ಕೊಂಡರಾಯಿತು. ಹಳೇ ಎಂಪೆಗ್-2 ಬಾಕ್ಸ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ, ಅದರಲ್ಲಿ ಎಲ್ಲ ಚಾನೆಲ್ ಬರುವುದಿಲ್ಲ.

ಕಷ್ಟವೆಲ್ಲ ತಿರುಗಿಸುವುದರಲ್ಲಿದೆ. ಮೊದಲು ಡಿಶ್ ಹೊತ್ತ ಪೈಪ್‌ಗೆ ತೂಗುಗುಂಡು ಹಿಡಿಯಬೇಕು. ಪೈಪ್ ವಾಲಿದ್ದರೆ ಮುಂದಿನದೆಲ್ಲ ಸುಳ್ಳು. ಡಿಶ್ 62 ಡಿಗ್ರಿ ಮೇಲೆ ನೋಡಬೇಕೆಂದು ಆಕಾಶಕ್ಕೆ ಅಂಗಾತ ಮಲಗಿಸಬೇಡಿ. ಈ ಆಫ್‌ಸೆಟ್ ಡಿಶ್‌ಗಳು ಮುಖ ಮಾಡಿದ್ದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲೆ ನೋಡುತ್ತವೆ, ನೆಲ ನೋಡುತ್ತ ಅಟ್ಟದ ಮೇಲೆ ಕಣ್ಣಿಟ್ಟ ಬೆಕ್ಕಿನ ಹಾಗೆ. ಒಂದೂವರೆ ಇಂಚಿನ ಪೈಪ್ ಸುತ್ತ ಒಂದು ಡಿಗ್ರಿ ಅಂದರೆ ಮಿಲಿಮೀಟರಿನ ಮೂರನೇ ಒಂದು ಪಾಲು. ಹಾಗಾಗಿ ಜಗ್ಗುವುದಲ್ಲ, ಬೆರಳಲ್ಲಿ ತಟ್ಟುವುದು. ತಟ್ಟಿ, ಎರಡು ಮೂರು ಸೆಕೆಂಡು ಕಾಯುವುದು. ಪರದೆಯ ‘ಸ್ಟ್ರೆಂತ್’ ಗೆರೆ ನಂಬಬೇಡಿ, ಡಿಶ್ ಎದುರು ಚಾಚಿದ ಕೈಯ ತುದಿಯಲ್ಲಿ ಅಲೆ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ತಲುಪಿದರೆ ಸಾಕು, ಉಪಗ್ರಹ ಸಿಗದಿದ್ದರೂ ಅದು ಏರುತ್ತದೆ. ನೋಡಬೇಕಾದ್ದು ‘ಕ್ವಾಲಿಟಿ’. ಅದು ಏರಿ, ಇಳಿಯಲು ಶುರುವಾದಾಗ ಒಂದು ಕೂದಲು ಹಿಂದೆ ಬಂದು, ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಮತ್ತೆ ತಿರುಗುತ್ತದೆ.

ಪುಕ್ಕಟೆ ಅಂದರೂ ಕರಾವಳಿಯಲ್ಲಿ ಬಾಡಿಗೆ ವಸೂಲಿಗೆ ಉಪ್ಪುಗಾಳಿ ಬಂದೇ ಬರುತ್ತದೆ. ಸ್ಟೇನ್‌ಲೆಸ್ ನಟ್ಟು ಹಾಕಿ. ಎಲ್‌ಎನ್‌ಬಿಗೆ ಕೇಬಲ್ ಸೇರುವಲ್ಲಿ ರಬ್ಬರ್ ಟೇಪ್ ಒತ್ತಾಗಿ ಸುತ್ತಿ. ಇಲ್ಲದಿದ್ದರೆ ತಾಮ್ರದ ತಂತಿ ಕಿಲುಬು ಹಿಡಿಯುತ್ತದೆ. ಕೇಬಲ್ ಒಳಗೆ ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಜೋಲುಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಬಾಕ್ಸ್‌ವರೆಗೆ ಬರುವುದಿಲ್ಲ. ಘಟ್ಟದ ಮೇಲೆ ಉಪ್ಪಿಲ್ಲ, ಮಂಗ ಇದೆ. ಮಂಗನಿಗೆ ಟೇಪ್ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಏನು ಬರುತ್ತದೆ? ಚಂದನ ಬರುತ್ತದೆ, ಸುದ್ದಿ, ಹಿಂದಿ ಸಿನಿಮಾ, ಆಕಾಶವಾಣಿ ಬರುತ್ತವೆ. ಖಾಸಗಿ ಕನ್ನಡ ವಾಹಿನಿಗಳ ಸಂಜೆ ಧಾರಾವಾಹಿ ನಂಬಿಕೊಂಡ ಮನೆಗೆ ಇದು ಹೊಂದುವುದಿಲ್ಲ. ಮೊದಲೇ ಹೇಳಿಬಿಡುವುದು ಕ್ಷೇಮ. ಚಾನೆಲ್ ಜಾಗಗಳನ್ನು ಹರಾಜು ಹಾಕುವುದರಿಂದ ಇಂದಿದ್ದದ್ದು ನಾಳೆ ಇರಲಿಕ್ಕಿಲ್ಲ. ಏನಾದರೂ ಮಾಯವಾದರೆ ಮೊದಲು ಮೆನುವಿನಲ್ಲಿ ಆಟೋ ಸ್ಕ್ಯಾನ್ ಕೊಡಿ, ಏಣಿ ಆಮೇಲೆ.

ಆಷಾಢದಲ್ಲಂತೂ ಏಣಿ ಬೇಡವೇ ಬೇಡ. ಜಡಿಮಳೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತರೆ ಅದು ಡಿಶ್‌ನ ತಪ್ಪಲ್ಲ. ಉಪಗ್ರಹದಿಂದ ಬರುವ ಕೆಯು ಬ್ಯಾಂಡಿನ ರೇಡಿಯೋ ಅಲೆ ಎರಡೂವರೆ ಸೆಂಟಿಮೀಟರ್ ಉದ್ದದ ಆಸುಪಾಸಿನದು, ದಪ್ಪ ಹನಿಗಳು ಅದನ್ನು ನುಂಗಿ ಚದುರಿಸುತ್ತವೆ. ಮಳೆ ಸಣ್ಣದಾದರೆ ಚಿತ್ರ ತಾನೇ ಮರಳುತ್ತದೆ. ಆ ಹೊತ್ತಿನಲ್ಲಿ ಗೊರಬು ಹಾಕಿಕೊಂಡು ಹತ್ತಿ ಡಿಶ್ ತಿರುಗಿಸಿದವರ ಮನೆಯಲ್ಲಿ ಮಾತ್ರ ಹೊಳವಾದ ಮೇಲೂ ಚಂದನ ಬರುವುದಿಲ್ಲ.