ಎಂಪಿ4 ಮಾಡಿದರೆ ಗುಣಮಟ್ಟ ಹಾಗೇ ಉಳಿಯುವುದಿಲ್ಲ

ಡಿವಿಡಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಗಿನ ನಿಮ್ಮ ಬರಹದಲ್ಲಿ, ಬಿಟ್‌ರೇಟ್ (ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ಡೇಟಾ) ಜಾಸ್ತಿ ಇಟ್ಟು ಎಂಪಿ4 ಫೈಲ್ ಮಾಡಿದರೆ ಗುಣಮಟ್ಟ ಸ್ವಲ್ಪವೂ ಹೋಗುವುದಿಲ್ಲ ಅಂತ ಬರೆದಿದ್ದೀರಿ, ಇದನ್ನು ಒಪ್ಪಲಾರೆ. ಡಿವಿಡಿಯ ವಿಡಿಯೊ ಮೊದಲೇ ಎಂಪೆಗ್-2 ಎಂಬ ವಿಧಾನದಲ್ಲಿ ಕುಗ್ಗಿಸಿದ್ದು. ಅದನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಮತ್ತೆ ಎಚ್.264 ಎಂಬ ಇನ್ನೊಂದು ವಿಧಾನದಲ್ಲಿ ಕುಗ್ಗಿಸಿದರೆ ಒಂದಿಷ್ಟು ವಿವರ ಹೋಗಿಯೇ ಹೋಗುತ್ತದೆ, ಕತ್ತಲೆ ದೃಶ್ಯಗಳಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ನಾನು ಬಳಸುವುದು ಮೇಕ್‌ಎಂಕೆವಿ ಎಂಬ ತಂತ್ರಾಂಶ. ಅದು ವಿಡಿಯೊ, ಆಡಿಯೊ ಎರಡನ್ನೂ ಬದಲಿಸದೆ ಇದ್ದ ಹಾಗೇ ಎಂಕೆವಿ ಫೈಲಿಗೆ ತುಂಬುತ್ತದೆ. ಮೆನು ಕೂಡ ಬೇಕು ಅನ್ನುವವರು ಪೂರ್ತಿ ಡಿಸ್ಕನ್ನು ಐಎಸ್‌ಒ (ಇಡೀ ಡಿಸ್ಕಿನ ಯಥಾಪ್ರತಿ ಇರುವ ಒಂದೇ ಫೈಲ್) ಮಾಡಿಕೊಳ್ಳಲಿ, ಎರಡು ಪದರದ ಡಿಸ್ಕ್ ಆದರೂ ಸುಮಾರು 8.5 ಜಿಬಿ, ಈಗಿನ ಹಾರ್ಡ್ ಡಿಸ್ಕಿಗೆ ಅದೇನು ಭಾರ ಅಲ್ಲ ಅಲ್ವಾ? ಇನ್ನು ಚಿತ್ರವನ್ನು 1080ಪಿಗೆ (1920×1080 ಪಿಕ್ಸೆಲ್) ಹಿಗ್ಗಿಸಿ ಅನ್ನುವ ನಿಮ್ಮ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಹೆಚ್ಚೆಂದರೆ 720×576 ಪಿಕ್ಸೆಲ್ ಇರುವ ಡಿವಿಡಿ ಚಿತ್ರಕ್ಕೆ ಇಲ್ಲದ ವಿವರ ಎಲ್ಲಿಂದ ಬರಬೇಕು, ಸುಮ್ನೆ ಫೈಲ್ ದೊಡ್ಡದಾಗುತ್ತದೆ ಅಷ್ಟೆ.